ಮಹಲಿನ ಕಿವಿಗಳು

6 ಜನವರಿ 1974, ರವಿವಾರ

ಮತ್ತೆ ಪಾರಿವಾಳದ ಹಿಕ್ಕೆ. ಈ ಸಲ ನೇರವಾಗಿ ವರನ ಬಾಸಿಂಗದ ಮೇಲೆ. ವರನ ಸೋದರಮಾವ ನನ್ನನ್ನು ನೋಡಿದ ರೀತಿ... ನಾನೇ ಮೇಲೆ ಹತ್ತಿ ಮಾಡಿ ಬಂದವನ ಹಾಗೆ. "ಹಕ್ಕಿ ಓಡಸಾಕ ಪುರಸಭೆದಾಗ ಒಬ್ರೂ ಇಲ್ಲೇನ್ರಿ?" ಅಂದ. ಕೈಮುಗಿದೆ. ಮೂರು ವರ್ಷದಿಂದ ಕೈಮುಗಿಯುವುದೇ ನೌಕರಿ.

ಜನನ-ಮರಣ ವಿಭಾಗದಿಂದ ಎತ್ತಿ ಇಲ್ಲಿ ಹಾಕಿದಾಗ ಕಣ್ಣೀರು ಬಂದಿತ್ತು, ಸುಳ್ಳೇಕೆ. ಬಾದಶಾಹಿ ಕಾಲದ ಮಹಲು, ಈಗ ಪುರಸಭೆಯ ಆಸ್ತಿ. ಮದುವೆಗೆ, ಸಭೆಗೆ ಬಾಡಿಗೆ ಕೊಡುವುದು, ಕೀಲಿ ಕಾಯುವುದು, ಜಮಖಾನೆ ಹಾಸಿಸುವುದು. ಗುಮಾಸ್ತನಿಗೆ ಇದೇನು ಕೆಲಸ ಅಂದುಕೊಂಡಿದ್ದೆ. ಈಗ ಸೂಟಿಯಲ್ಲೂ ಬರುತ್ತೇನೆ. "ಮಹಲ ನಿಮಗ ದೊಡ್ಡ ಹೇಣ್ತಿ, ನಾ ಸಣ್ಣಾಕಿ" ಅನ್ನುತ್ತಾಳೆ ಲಕ್ಕವ್ವ.

ಸಂಜೆ ಬೀಗರೆಲ್ಲ ಹೋದ ಮೇಲೆ ಪಡುವಣ ಕಮಾನಿನ ಕೆಳಗೆ ಕೂತಿದ್ದೆ. ಮೂಡಣ ಬಾಗಿಲಲ್ಲಿ ಕಸಬರಿಗೆ ಹಿಡಿದ ಪೀರಬಿ. ನಡುವೆ ನಲವತ್ತು ಹೆಜ್ಜೆ. "ಚಾ ಬಂತ್ರಿ, ಗುರಣ್ಣಾರ" ಅಂದಳು, ಪಿಸುದನಿಯಲ್ಲಿ. ನನ್ನ ಹೆಗಲ ಹಿಂದೆ ನಿಂತು ಅಂದ ಹಾಗೆ ಕೇಳಿತು. ಮೂರು ವರ್ಷವಾದರೂ ಮೈ ಜುಮ್ಮೆನ್ನುವುದು ಬಿಟ್ಟಿಲ್ಲ.

18 ಜನವರಿ, ಶುಕ್ರವಾರ

ದೊಡ್ಡ ಸುದ್ದಿ. ಲಿಂಬೆ ಬೆಳೆಗಾರರ ಸಮಾವೇಶ ನಮ್ಮಲ್ಲಿ. ಮಾರ್ಚ್ 10. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ನಾಲ್ಕೂ ತಾಲೂಕಿನವರು, ಆರುನೂರು ಜನ. ಧಾರವಾಡದಿಂದ ಗಿಡದ ರೋಗ ಬಲ್ಲ ಪ್ರೊಫೆಸರರು. ಇಷ್ಟು ದೊಡ್ಡ ಪ್ರೋಗ್ರಾಂ ಮಹಲು ಕಂಡಿಲ್ಲ.

ಕೆಟ್ಟ ಸುದ್ದಿ ಹಿಂದೆಯೇ. ಪುರಸಭೆ ಅಧ್ಯಕ್ಷ ಬಸಂತರಾಯರು ಒಳಗೆ ಕರೆದರು. ಮಹಲನ್ನು ಗೊಬ್ಬರದ ಗೋದಾಮು ಮಾಡಬೇಕೆಂಬ ಠರಾವು ತಯಾರಾಗಿದೆಯಂತೆ. ಲಾರಿ ಒಳಗೆ ಬರಲು ಪಡುವಣ ಕಮಾನಿನ ಗೋಡೆ ಒಡೆಯಬೇಕು. "ಸಮಾವೇಶ ಸುಸೂತ್ರ ಆತಂದ್ರ ಠರಾವು ಕಟ್ಟಿಡ್ತೇನಿ, ಗುರಣ್ಣ. ಕೆಟ್ಟತಂದ್ರ ಏಪ್ರಿಲ್‌ದಾಗ ಹಾರಿ ಬೀಳತೈತಿ ಗ್ವಾಡಿಗೆ. ಮೊದಲ ಆ ಪಾರಿವಾಳದ್ದ ನೋಡ್ರಿ."

ನೋಡುತ್ತೇನೆ. ಆ ಕಮಾನಿಗೆ ಹಾರೆ... ಬರೆಯಲಿಕ್ಕೂ ಕೈ ಬರುತ್ತಿಲ್ಲ.

2 ಫೆಬ್ರವರಿ, ಶನಿವಾರ

ಗುಮ್ಮಟದ ಬುಡದಲ್ಲಿ ಸುತ್ತಲೂ ಎಪ್ಪತ್ತೆರಡು ತೂತು. ಒಂದೊಂದೂ ಗಡಿಗೆಯ ಬಾಯಿಯಷ್ಟು. ಪಾರಿವಾಳದ ಸಂಸಾರ ಅಷ್ಟೂ ಅಲ್ಲೇ. ಉಪಾಯ ಹೊಳೆದದ್ದು ಸ್ನಾನ ಮಾಡುವಾಗ: ತೂತು ಮುಚ್ಚಿಬಿಟ್ಟರೆ?

ಗವಂಡಿ ಪರಸಪ್ಪನನ್ನು ಕರೆಸಿದೆ. ಅವನಷ್ಟು ಒಳ್ಳೆಯ ಸುಣ್ಣದ ಗಚ್ಚು ಕಲಸುವವರು ಈ ಕಡೆ ಇಲ್ಲ. ಬೆಲ್ಲದ ನೀರು ಹಾಕಿ ಕಲಸುತ್ತಾನೆ. "ನೂರು ವರ್ಷ ಬಿಡಂಗಿಲ್ರಿ" ಅಂದ. ಹಾಗೇ ಆಗಲಿ ಅಂದೆ.

ಪೀರಬಿ ಕಸಬರಿಗೆ ನಿಲ್ಲಿಸಿದಳು. "ಅವು ತೂತಲ್ರಿ. ಮಹಲಿನ ಕಿವಿ ಅದಾವು. ನಮ್ಮ ಅತ್ತಿ, ಅವರತ್ತಿ ಎಲ್ಲಾರೂ ಹಂಗ ಅಂತಿದ್ರು. ಕಿವಿ ಮುಚ್ಚಬ್ಯಾಡ್ರಿ."

"ಮುಚ್ಚಿದ್ರ ಏನಾಗತೈತಿ?"

"ಕಿವುಡರು ಒದರಿ ಮಾತಾಡ್ತಾರಿಲ್ರಿ? ಹಂಗ ಒದರತೈತಿ."

ನಕ್ಕೆ. ಜೋರಾಗಿಯೇ ನಕ್ಕೆ. "ಸುಮ್ಮನಿರಬೇ, ಪೀರಬಿ. ಕಲ್ಲಿಗೆ ಎಲ್ಲಿ ಕಿವಿ?" ಅಂದೆ. ಅವಳು ಕಸ ಗುಡಿಸತೊಡಗಿದಳು.

9 ಫೆಬ್ರವರಿ, ಶನಿವಾರ

ಮುಗಿಯಿತು. ಹಾರಲಾರದ ಮರಿಗಳನ್ನು ಪರಸಪ್ಪ ಬುಟ್ಟಿಯಲ್ಲಿ ಇಳಿಸಿ ಮಹಲಿನ ಹಿಂದಿನ ಕುದುರೆಲಾಯದ ಮಾಡಿಗೆ ಒಯ್ದಿಟ್ಟ. ಮೇಲೆ ಸುಣ್ಣವೂ ಆಯಿತು. ಒಂದು ಕಲೆ ಇಲ್ಲ, ಒಂದು ಪುಕ್ಕ ಇಲ್ಲ. ಹಾಲು ಕುಡಿದ ಬಟ್ಟಲು ಬೋರಲಿಟ್ಟ ಹಾಗಿದೆ ಗುಮ್ಮಟ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ನಾಳೆ ತಂಗಡಗಿಗೆ. ಲಕ್ಕವ್ವನ ಅಣ್ಣನ ಮನೆಯ ವಾಸ್ತುಶಾಂತಿ. ಹೊಳೆಯಲ್ಲಿ ಮುಳುಗಿ ಬರಬೇಕು.

27 ಫೆಬ್ರವರಿ, ಬುಧವಾರ

ತಂಗಡಗಿಯಲ್ಲಿ ಜ್ವರ ಹಿಡಿದು ಎರಡು ವಾರ ಮಲಗಿದೆ. ನಿನ್ನೆ ಬಂದೆ. ಇವತ್ತು ಮಹಲಿನಲ್ಲಿ ಮದುವೆ. ಸುಣ್ಣವಾದ ಮೇಲೆ ಮೊದಲನೆಯದು.

ಹೇಗೆ ಬರೆಯಲಿ.

ಮಂಗಲಾಷ್ಟಕ ಶುರುವಾಯಿತು. ಮೊದಲ ನುಡಿಗೆ ಶಾಸ್ತ್ರಿಗಳು "ಶುಭಮಂಗಲ ಸಾವಧಾನ" ಅಂದರು. ಜನ ಅಕ್ಷತೆ ಹಾಕಿದರು. ಗುಮ್ಮಟ ತಾನೂ "ಸಾವಧಾನ" ಅಂದಿತು. ಇನ್ನೊಂದು ನುಡಿ ಆಯಿತೇನೋ ಅಂತ ಜನ ಮತ್ತೆ ಹಾಕಿದರು. ಗುಮ್ಮಟ ಮತ್ತೆ "ಸಾವಧಾನ". ಮತ್ತೆ ಅಕ್ಷತೆ. ಒಂದು ನುಡಿಗೆ ಐದು ಸಲ... ಶಾಸ್ತ್ರಿಗಳು ಗಾಬರಿಯಾಗಿ ದನಿ ಏರಿಸಿದರು, ಅದೂ ಏರಿಸಿತು. ವಾದ್ಯದವರಿಗೆ ಯಾವ ಸಾವಧಾನಕ್ಕೆ ಬಾರಿಸಬೇಕು ತಿಳಿಯದೆ ಎಲ್ಲದಕ್ಕೂ ಬಾರಿಸಿದರು. ತಾಳಿ ಕಟ್ಟುವ ಹೊತ್ತಿಗೆ ಯಾರ ಕೈಯಲ್ಲೂ ಒಂದು ಕಾಳಿಲ್ಲ. ವಧುವಿನ ಅಜ್ಜಿ ಜಮಖಾನೆಯ ಮೇಲಿನ ಕಾಳು ಆರಿಸಿ ಆರಿಸಿ ಹಾಕಿದಳು. ನಗಬೇಕಿತ್ತು. ನಗು ಬರಲಿಲ್ಲ.

ಎಲ್ಲರೂ ಹೋದ ಮೇಲೆ ಕಮಾನಿನ ಕೆಳಗೆ ನಿಂತೆ. ಪೀರಬಿ ಬಾಗಿಲಿನಿಂದ ಏನೋ ಅಂದಳು. ಹೂಂಗುಟ್ಟುವ ಗದ್ದಲವೊಂದು ಬಂತು. ಮಾತು ಬರಲಿಲ್ಲ.

ಹತ್ತಿರ ಹೋಗಿ ಕೇಳಿದೆ, ಏನಂದಿ ಅಂತ.

"ಚಾ ಬಂತ್ರಿ ಅಂದೆ" ಅಂದಳು. ಅಷ್ಟೇ. ನಾನು ಹೇಳಿದ್ದೆನಲ್ಲ ಅಂತ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

28 ಫೆಬ್ರವರಿ, ಗುರುವಾರ, ಬೆಳಿಗ್ಗೆ 8

ಪರಸಪ್ಪ ತಲೆ ಕೆರೆಯುತ್ತ ಬಂದ. "ಒಂದ ತೂತ ಮುಚ್ಚಿಲ್ರಿ, ಸಾಹೇಬ್ರ. ಹಕ್ಕಿ ಕಾವಿಗೆ ಕುಂತಿತ್ತು, ಎಬ್ಬಸಾಕ ಮನಸ ಬರಲಿಲ್ಲ. ನಿಮಗ ಹೇಳಲಿಲ್ಲ."

ಬಯ್ಯಲಿಲ್ಲ. ತೋರಿಸು ಅಂದೆ. ಗೋಡೆಯ ದಪ್ಪದೊಳಗೇ ಮೆಟ್ಟಿಲು. ಮೂರು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ ನಾನು. ಗುಮ್ಮಟದ ಬುಡದಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ಕಟ್ಟೆ. ಕೆಳಗೆ ನೋಡಿದರೆ ಪೀರಬಿ ಹೆಬ್ಬೆರಳಷ್ಟು.

ಅದು ತೂತಲ್ಲ. ಗಡಿಗೆ. ಕುಂಬಾರ ಮಾಡಿದ ಮಣ್ಣಿನ ಗಡಿಗೆ, ಗೋಡೆಯೊಳಗೆ ಅಡ್ಡ ಮಲಗಿಸಿ ಕಟ್ಟಿದ್ದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಎರಡು ಮರಿ, ಕಣ್ಣು ಬಿಟ್ಟಿವೆ. ತಾಯಿ ನನ್ನನ್ನು ನೋಡಿ ಹಾರಿತು. ಗಡಿಗೆಯ ಕಂಠದಲ್ಲಿ ನಾಲ್ಕು ಬೆರಳಿನ ಗುರುತು. ಹಸಿ ಮಣ್ಣಿನಲ್ಲಿ ಒತ್ತಿದ್ದು, ಹಾಗೇ ಸುಟ್ಟು ಉಳಿದದ್ದು. ನನ್ನ ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂತವು.

ಎಷ್ಟು ಹೊತ್ತು ಹಾಗೆ ಇಟ್ಟುಕೊಂಡಿದ್ದೆನೋ. ಯಾವ ಊರಿನ ಕುಂಬಾರ? ಬಾದಶಹನ ಹೆಸರು ಎಲ್ಲರಿಗೂ ಗೊತ್ತು, ಇವನದು ಯಾರಿಗೆ ಗೊತ್ತು?

ಕಿವಿ ಹಚ್ಚಿದೆ. ಪರಸಪ್ಪ ಕೆಳಗಿಳಿದು ಚಪ್ಪಾಳೆ ಹೊಡೆದ. ಸದ್ದು ಗುಮ್ಮಟದ ತುಂಬ ಹುಚ್ಚೆದ್ದು ತಿರುಗಿತು. ಗಡಿಗೆಯೊಳಗೆ ಮಾತ್ರ ಸಣ್ಣಗೆ "ಹೂಂ" ಅಂತ ಇಳಿಯಿತು, ಸುಮ್ಮನಾಯಿತು. ನುಂಗುತ್ತದೆ! ಹೆಚ್ಚಾದ ಸದ್ದನ್ನು ಗಡಿಗೆ ನುಂಗಿ ಮಾತನ್ನಷ್ಟೇ ಉಳಿಸುತ್ತದೆ. ಎಪ್ಪತ್ತೆರಡು ಗಡಿಗೆ, ಇಷ್ಟು ವರ್ಷ, ಯಾರಿಗೂ ಹೇಳದೆ ಈ ಕೆಲಸ ಮಾಡುತ್ತ ಬಂದಿವೆ. ಅವುಗಳ ಬಾಯಿಗೆ ನಾನು ಗಚ್ಚು ತುರುಕಿಸಿದೆ.

ಕಟ್ಟೆಯ ಮೇಲೆ ಕೂತು ಅತ್ತೆ. ಮರಿಗಳು ನೋಡುತ್ತಿದ್ದವು.

4 ಮಾರ್ಚ್, ಸೋಮವಾರ

ಗಚ್ಚು ಬಿಡುತ್ತಿಲ್ಲ. ಪರಸಪ್ಪ ತನ್ನ ಕೆಲಸವನ್ನು ತಾನೇ ಬೈಯುತ್ತ ಉಳಿ ಹೊಡೆಯುತ್ತಿದ್ದಾನೆ. "ಯಾಕರ ಬೆಲ್ಲ ಹಾಕಿದ್ನೋ." ಜೋರು ಹೊಡೆದರೆ ಗಡಿಗೆಯ ಕಂಠ ಒಡೆಯುತ್ತದೆ. ಎರಡು ಒಡೆದವು. ದಿನಕ್ಕೆ ಐದೋ ಆರೋ ಬಿಚ್ಚುತ್ತವೆ.

ಮಧ್ಯಾಹ್ನ ಅಧ್ಯಕ್ಷರು ಬಂದರು. ಒಳಗೆ ನಿಂತು ಕೆಮ್ಮಿದರು. ಹತ್ತು ಜನ ಕೆಮ್ಮಿದ ಹಾಗಾಯಿತು. ನನ್ನ ಹೆಗಲ ಮೇಲೆ ಕೈ ಹಾಕಿದರು, ಪ್ರೀತಿಯಿಂದಲೇ.

"ಒಂದ ರಿಪೋರ್ಟ್ ಬರೀರಿ, ಗುರಣ್ಣ. ಕಟ್ಟಡ ಹಳೇದಾತು, ಸಭಾಕ್ಕ ಲಾಯಕ್ಕಿಲ್ಲ ಅಂತ. ಮುಂದಿಂದು ನಾವು ನೋಡ್ಕೋತೇವಿ. ಗಚ್ಚಿನ ಸುದ್ದಿ ಯಾರೂ ತೆಗಿಯಂಗಿಲ್ಲ. ನಿಮ್ಮ ಹೆಸರೂ ಬರಂಗಿಲ್ಲ."

ಕಾಗದ ಮುಂದಿದೆ. ಎರಡು ಸಾಲು ಬರೆದರೆ ನಾನು ಉಳಿಯುತ್ತೇನೆ. ಇನ್ನು ಒಂಬತ್ತು ವರ್ಷ ನೌಕರಿ ಇದೆ. ಲಕ್ಕವ್ವ ಕೇಳಿದಳು, "ಯಾಕ್ರಿ, ಊಟ ಬಿಟ್ಟು ಕಾಗದ ನೋಡಾಕತ್ತೀರಿ?" ಹೇಳಿದೆ.

"ಮಹಲಿಗೆ ಬಾಯಿ ಇಲ್ರಿ. ನಿಮಗೈತಿ" ಅಂದಳು. ಆಮೇಲೆ ರೊಟ್ಟಿ ಬಡಿಸಿದಳು.

5 ಮಾರ್ಚ್, ಮಂಗಳವಾರ

ಬರೆದು ಕೊಟ್ಟೆ: "ಕಟ್ಟಡದಲ್ಲಿ ಯಾವ ದೋಷವೂ ಇಲ್ಲ. ಸದರಿ ಗಡಿಗೆಗಳನ್ನು ತಿಳಿಯದೆ ಮುಚ್ಚಿಸಿದ ನಾನೇ ದೋಷಿ. ಬಿಚ್ಚಿಸುತ್ತಿದ್ದೇನೆ. ಸಮಾವೇಶ ಇಲ್ಲಿಯೇ ನಡೆಸಲು ವಿನಂತಿ."

ಅಧ್ಯಕ್ಷರು ಎರಡು ಸಲ ಓದಿದರು. "ನಿಮಗ ತಲಿ ಕೆಟ್ಟೈತಿ" ಅಂದರು. ಆಮಂತ್ರಣ ಪತ್ರಿಕೆ ಹಂಚಿಯಾಗಿದೆ, ಬಿಸಿಲಲ್ಲಿ ಶಾಲೆಯ ಮೈದಾನಕ್ಕೆ ಬೆಳೆಗಾರರು ಒಪ್ಪುತ್ತಿಲ್ಲ. "ಆಗಲಿ. ಕೆಟ್ರ ಮಾತ್ರ ನಿಮ್ಮ ತಲಿ ಮ್ಯಾಲ."

ಮನೆಗೆ ಬರುವಾಗ ಹಗುರ ಅನ್ನಿಸಿತು. ಹೆದರಿಕೆಯೂ ಆಗುತ್ತಿತ್ತು.

9 ಮಾರ್ಚ್, ಶನಿವಾರ

ಐವತ್ತಮೂರು ಬಿಚ್ಚಿವೆ. ಪರಸಪ್ಪನ ಅಂಗೈ ಹರಿದಿದೆ. ಪೀರಬಿ ಎಣ್ಣೆ-ಅರಿಷಿಣ ಹಚ್ಚಿ ಕಟ್ಟಿದಳು. ಹೋಳಿಯ ಹಲಗೆ ಇನ್ನೂ ಓಣಿಯಲ್ಲಿ ಬಾರಿಸುತ್ತಲೇ ಇದೆ. ಸಂಜೆ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ನಾನು ಕಮಾನಿಗೆ ಹೋದೆ. ಏನಾದರೂ ಅನ್ನು ಅಂದೆ.

"ಏನಂತ ಅನ್ನಲ್ರಿ?"

ಕೇಳಿಸಿತು. ಪೂರ್ತಿ ಅಲ್ಲ, ಹಿಂದೆ ಸ್ವಲ್ಪ ಬಾಲ ಇತ್ತು. ಆದರೆ ಮಾತು. ಅವಳದೇ ಮಾತು.

10 ಮಾರ್ಚ್, ರವಿವಾರ, ಸಂಜೆ 5

ಕ್ರಮವಾಗಿ ಬರೆಯಬೇಕು.

ಆರುನೂರಲ್ಲ, ಇನ್ನೂ ಹೆಚ್ಚು. ಅಗರಖೇಡದವರೇ ಒಂದು ಟ್ರಕ್ ತುಂಬ. ಮಹಲಿನಲ್ಲಿ ತಲೆಗೆ ಸುತ್ತಿದ ಪಟಕದ ಬೆವರು, ಲಿಂಬೆಯ ವಾಸನೆ. ಉದ್ಘಾಟನೆಗೆ ಮೈಕ್ ಹಚ್ಚಿದರು. ಅದು ಕುಂಯ್‌ಗುಟ್ಟಿತು. ಪ್ರೊಫೆಸರರ ಮಾತು ಮೈಕಿನಲ್ಲಿ ಒಂದು, ಗುಮ್ಮಟದಲ್ಲಿ ಒಂದು. ಜನ ಗುಸುಗುಸು ಶುರುಮಾಡಿದರು. ಅಧ್ಯಕ್ಷರು ನನ್ನ ಕಡೆ ನೋಡಿದರು.

ಪೀರಬಿ ನನ್ನ ತೋಳು ಹಿಡಿದಳು. "ಆ ಡಬ್ಬಿ ಬಂದ್ ಮಾಡ್ರಿ. ಮೊದಲು ಎಲ್ಲಿತ್ತದು?"

ಹೋಗಿ ಮೈಕಿನ ವೈರು ಕಿತ್ತೆ. ನಾನೇ. "ಹಂಗೇ ಮಾತಾಡ್ರಿ, ಸರ. ಮೆಲ್ಲಕ" ಅಂದೆ. ಪ್ರೊಫೆಸರರು ನಂಬಲಿಲ್ಲ. ಆಗ ಹಿಂದೆ, ಮೂಡಣ ಬಾಗಿಲ ಹತ್ತಿರ, ಅಗರಖೇಡದ ಚಂದವ್ವ ಎಂಬ ಮುದುಕಿ ಎದ್ದಳು. ಒದರಲಿಲ್ಲ. ಪಕ್ಕದ ಮನೆಯವಳ ಹತ್ತಿರ ಆಡುವ ಹಾಗೆ ಅಂದಳು:

"ನಮ್ಮ ಗಿಡ ತುದಿಯಿಂದ ಒಣಗಕೋಂತ ಬರಾಕತ್ತಾವ್ರಿ. ಮಗನ ಗತೆ ಸಾಕೇನಿ. ಏನ್ ಮಾಡಲಿ?"

ಅಷ್ಟೂ ಜನಕ್ಕೆ ಕೇಳಿತು. ಪ್ರತಿ ಅಕ್ಷರ. ಜನ ತಲೆ ಎತ್ತಿ ಗುಮ್ಮಟ ನೋಡಿದರು. ಪ್ರೊಫೆಸರರೂ ನೋಡಿದರು, ಆಮೇಲೆ ಆಕೆಯಷ್ಟೇ ಮೆಲ್ಲಗೆ ಉತ್ತರ ಕೊಡತೊಡಗಿದರು. ಒಣಗಿದ ಟೊಂಗೆ ಹಸಿರಿನವರೆಗೆ ಕತ್ತರಿಸಿ, ಗಾಯಕ್ಕೆ ಮುಲಾಮು ಹಚ್ಚಿ... ಅಷ್ಟು ಜನರ ಉಸಿರು ನಿಂತಂತಿತ್ತು. ಒಬ್ಬೊಬ್ಬರಾಗಿ ಎದ್ದು ಕೇಳಿದರು. ಯಾರೂ ದನಿ ಏರಿಸಲಿಲ್ಲ. ಗುಡಿಯಲ್ಲೂ ಇಂಥ ಶಾಂತಿ ನಾನು ಕಂಡಿಲ್ಲ.

ಆಮೇಲೆ ಅದು ಆಯಿತು. ಅಧ್ಯಕ್ಷರು ಕೂತದ್ದು ಪಡುವಣ ಕಮಾನಿನ ಕೆಳಗೆ. ಮೈಕ್ ಇಲ್ಲ ಅನ್ನುವ ಧೈರ್ಯದಲ್ಲಿ ಪಕ್ಕದವರ ಕಿವಿಗೆ ಬಾಗಿ ಅಂದರು, "ಇರಲಿ, ಏಪ್ರಿಲ್‌ದಾಗ ಈ ಗ್ವಾಡಿ ಹೆಂಗೂ ಒಡಸೂದ ಐತಿ."

ಎಲ್ಲರಿಗೂ ಕೇಳಿತು.

ಚಂದವ್ವ ಕೂತಲ್ಲಿಂದಲೇ ಕೇಳಿದಳು, "ಯಾವ ಗ್ವಾಡಿರಿ, ಅಧ್ಯಕ್ಷರ?"

ಬಸಂತರಾಯರು ಮೇಲೆ ನೋಡಿದರು. ಎಡಕ್ಕೆ, ಬಲಕ್ಕೆ ನೋಡಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಮೊದಲ ಸಲ ಮಹಲನ್ನು ನೋಡಿದವರ ಹಾಗಿತ್ತು. "ಯಾವ ಗ್ವಾಡಿನೂ ಇಲ್ಲ, ಯವ್ವಾ" ಅಂದರು. "ಒಡಸಂಗಿಲ್ಲ."

ಅದೂ ಎಲ್ಲರಿಗೂ ಕೇಳಿತು.

18 ಮಾರ್ಚ್, ಸೋಮವಾರ

ಠರಾವು ಹಿಂತೆಗೆದರು. ಅದೇ ಟಪಾಲಿನಲ್ಲಿ ನನ್ನ ಆರ್ಡರ್. ಕೇಳದೆ ಕಟ್ಟಡದ ಗಡಿಗೆ ಮುಚ್ಚಿಸಿದ್ದಕ್ಕೆ ಮತ್ತೆ ಜನನ-ಮರಣಕ್ಕೆ. ನಾನೇ ಬರೆದುಕೊಟ್ಟ ಕಾಗದವನ್ನೇ ಲಗತ್ತಿಸಿದ್ದಾರೆ. ನ್ಯಾಯವೇ. ಆದರೂ ಬಾಗಿಲ ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತೆ.

30 ಮಾರ್ಚ್, ಶನಿವಾರ, ಬೆಳಿಗ್ಗೆ

ಕೊನೆಯ ಗಡಿಗೆಯನ್ನು ಪರಸಪ್ಪ ನಿನ್ನೆ ಬಿಚ್ಚಿದ. ಎಪ್ಪತ್ತೆರಡೂ. ಆ ಎರಡು ಮರಿ ಹಾರಿಹೋಗಿವೆ. ಬೇರೆ ಜೋಡಿಗಳು ಆಗಲೇ ಕಡ್ಡಿ ತರುತ್ತಿವೆ. ಹೊಸ ಗುಮಾಸ್ತ ಜೈನುದ್ದೀನ ಹತ್ತಕ್ಕೆ ಬರುತ್ತಾನೆ. ಅವನಿಗೆ ಒಂದೇ ಮಾತು ಹೇಳುವುದಿದೆ: ಪೀರಬಿ ಅಂದದ್ದು ಕೇಳು.

ಕಮಾನಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಯಾರೂ ಇಲ್ಲ. ಮೇಲೆ ನೋಡಿ, ಮೆಲ್ಲಗೆ, ತಪ್ಪಾಯಿತು ಅಂದೆ.

ಕಾದೆ. ಮಾತು ತಿರುಗಿ ಬರಲಿಲ್ಲ. ಒಂದು ಸಲವೂ ಇಲ್ಲ. ಗಡಿಗೆಗಳು ಕೇಳಿಕೊಂಡವು ಅಂತ ಕಾಣುತ್ತದೆ.

ಪೀರಬಿ ಬಾಗಿಲಲ್ಲಿ ನಿಂತು ಏನೋ ಅನ್ನುತ್ತಿದ್ದಾಳೆ. ಚಾ ಅಲ್ಲ. "ಗುರಣ್ಣಾರ," ಅಂದಳು, "ನೀವು ಅಂದಿದ್ದು ನನಗೂ ಕೇಳಿತ್ರಿ."