ನನ್ನ ಲಿವರ್‌ಗೆ ನನ್ನ ತಮ್ಮನ ಸಹಿ ಏಕೆ?

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನನ್ನ ಲಿವರ್ ಕೊಯ್ಯಬೇಕೋ ಬೇಡವೋ ಎಂದು ನಿಮ್ಮ ಆಸ್ಪತ್ರೆಯವರು ದೂರದ ಇಂಚನ್ ಊರಿನಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿ ಕೇಳಿದರು. ಅವನು ಬೇಡ ಎಂದ. ಹಾಗೆಯೇ ಬರೆದುಕೊಂಡು ಕಡತ ಮುಚ್ಚಿದರು. ನನ್ನನ್ನು ಕೇಳಲಿಲ್ಲ. ಆಗ ನನಗೆ ಪ್ರಜ್ಞೆ ತಪ್ಪಿರಲಿಲ್ಲ, ಬುದ್ಧಿ ಕೆಟ್ಟಿರಲಿಲ್ಲ, ಸತ್ತಂತೂ ಹೋಗಿರಲಿಲ್ಲ. ಇದೇ ಮೊಕ್ಪೊ ಊರಿನಲ್ಲಿ, ನಿಮ್ಮ ಆಸ್ಪತ್ರೆಯಿಂದ ನಾಲ್ಕು ಬಸ್ ಸ್ಟಾಪ್ ದೂರದಲ್ಲಿ, ಫೋನನ್ನು ಎದೆಯ ಮೇಲಿಟ್ಟುಕೊಂಡು ನಿಮ್ಮ ಕರೆಗೆ ಕಾಯುತ್ತಿದ್ದೆ. ಹತ್ತೊಂಬತ್ತು ದಿನ ಕಾದೆ.

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ಅರವತ್ತೊಂದು ವರ್ಷದವಳು, ಬಂದರಿನ ಹತ್ತಿರದ ಹೆಂಗಸರ ಸಾರ್ವಜನಿಕ ಸ್ನಾನಗೃಹದಲ್ಲಿ ಇಪ್ಪತ್ತೆರಡು ವರ್ಷದಿಂದ ಮೈಯುಜ್ಜುವ ಕೆಲಸ. ಈ ಊರಿನ ಅರ್ಧ ಹೆಂಗಸರ ಬೆನ್ನು ನನಗೆ ಗೊತ್ತು. ನಿಮ್ಮ ಮನೆಯವರದೂ ಗೊತ್ತಿದ್ದೀತು, ಹೆಸರು ಹೇಳುವುದಿಲ್ಲ ಬಿಡಿ. ಹೋದ ಶರತ್ಕಾಲದಲ್ಲಿ ಕರುಳು ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದೆ. ದೊಡ್ಡ ಕರುಳಿನ ಒಂದು ತುಂಡನ್ನು ಕತ್ತರಿಸಿ ತೆಗೆದರು; ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ, ಐದು ಗಂಟುಗಳಿವೆ ಎಂದರು. ಎರಡು ವಾರಕ್ಕೊಂದರಂತೆ ಎಂಟು ಬಾರಿ ಕೀಮೋ ಹಾಕಿಸಿಕೊಂಡೆ. ಬೆರಳ ತುದಿಗಳು ಜೋಮು ಹಿಡಿದವು, ತಣ್ಣೀರು ಮುಟ್ಟಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಮೈಯುಜ್ಜುವವಳಿಗೆ ಬೆರಳೇ ಇಲ್ಲವೆಂದರೆ ಇನ್ನೇನುಳಿಯಿತು? ಆದರೂ ಹಲ್ಲು ಕಚ್ಚಿ ಸಹಿಸಿದೆ, ಏಕೆಂದರೆ ನಿಮ್ಮ ಶಸ್ತ್ರವೈದ್ಯರು ಒಂದು ಹಾಳೆಯ ಹಿಂಬದಿಯಲ್ಲಿ ಲಿವರ್‌ನ ಚಿತ್ರ ಬರೆದು ತೋರಿಸಿದ್ದರು.

"ಎಲ್ಲಾ ಗಂಟೂ ಬಲಗಡೇನೇ ಇವೆ ಅಮ್ಮಾ. ಕುಗ್ಗಿದ್ರೆ ಆ ಭಾಗ ಕೊಯ್ದು ತೆಗೀಬಹುದು. ಉಳಿದದ್ದು ತಾನೇ ಬೆಳ್ಕೊಳ್ಳುತ್ತೆ, ಲಿವರ್ ಅಂದ್ರೆ ಹಾಗೆ."

ಗಂಟುಗಳು ಕುಗ್ಗಿದವು. ಸ್ಕ್ಯಾನ್ ನೋಡಿ ಅವರ ಮುಖ ಅರಳಿತು. "ಕೊನೇ ಕೀಮೋ ಆಗಿ ಆರು ವಾರದೊಳಗೆ ಮುಗಿಸಿಬಿಡೋಣ. ತಡ ಮಾಡಿದ್ರೆ ಮತ್ತೆ ತಲೆ ಎತ್ತುತ್ತವೆ. ಮೀಟಿಂಗ್‌ನಲ್ಲಿಟ್ಟು ತಿಳಿಸ್ತೀವಿ" ಎಂದರು. ಅಂದು ದಾರಿಯಲ್ಲಿ ಒಂದು ಬಟ್ಟಲು ಅಂಬಲಿ ಪೂರ್ತಿ ಕುಡಿದೆ. ಎಷ್ಟೋ ತಿಂಗಳ ಮೇಲೆ ಅದು ಹೊಟ್ಟೆಯಲ್ಲಿ ನಿಂತಿತು.

ಆದರೆ ಹೊರಗೆ ಕೌಂಟರಿನಲ್ಲಿದ್ದ ನಿಮ್ಮ ನರ್ಸ್, "ನಿಮ್ಮ ಕಡೆಯವರು ಎಲ್ಲಿ? ಅವರು ಬಂದು ಡಾಕ್ಟರ ಮಾತು ಕೇಳಿ ಸಹಿ ಹಾಕ್ಬೇಕು" ಎಂದಳು. ನನ್ನ ಜೊತೆಗೆ ದಕ್ಜಾ ಬಂದಿದ್ದಳು. ಸ್ನಾನಗೃಹದಲ್ಲಿ ಮೈಯುಜ್ಜುವ ಪಕ್ಕದ ಮಂಚ ಅವಳದು, ಎಂಟು ಕೀಮೋಗೂ ವಾಂತಿಯ ಡಬ್ಬ ಹಿಡಿದವಳು ಅವಳೇ.

"ನಾನೇ ಕಡೆಯವಳು, ಕೊಡಮ್ಮ ಕಾಗದ" ಎಂದಳು ದಕ್ಜಾ.

"ಸಂಬಂಧ ಏನು?"

"ಇಪ್ಪತ್ತೆರಡು ವರ್ಷ ಒಂದೇ ಬಕೆಟ್ ನೀರು."

"ಅದು ಸಂಬಂಧ ಅಲ್ಲ, ಅಜ್ಜಿ. ಗಂಡ, ಮಕ್ಕಳು, ಒಡಹುಟ್ಟಿದವರು, ಯಾರಿದ್ದಾರೆ?"

"ಅಜ್ಜಿ ನಿಮ್ಮಪ್ಪನ ಅಮ್ಮ" ಎಂದು ದಕ್ಜಾ ರೇಗಿದಳು. ನಾನೇ ಅವಳ ತೋಳು ಹಿಡಿದು ಎಳೆದುಕೊಂಡು ಬಂದೆ.

ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವವನು ಜೊಂಗ್ತೆ ಒಬ್ಬನೇ, ಏಳು ವರ್ಷ ಕಿರಿಯ ತಮ್ಮ. ಅಪ್ಪನ ತಿಥಿಗೆ ವರ್ಷಕ್ಕೊಮ್ಮೆ ಸಿಗುತ್ತೇವೆ, ತಲೆಬಾಗಿ ನಮಸ್ಕರಿಸುತ್ತೇವೆ, ಬಸ್ ಹತ್ತುತ್ತೇವೆ. ಕರುಳು ಕಟ್ಟಿ ಒದ್ದಾಡುತ್ತಿದ್ದ ದಿನ, ಅರ್ಜಿಯ ‘ಕಡೆಯವರು’ ಎಂಬ ಖಾನೆ ತುಂಬದಿದ್ದರೆ ಹಾಸಿಗೆ ಸಿಗುವುದಿಲ್ಲ ಎಂದು ನಿಮ್ಮವರು ಹೇಳಿದ್ದರಿಂದ ಅವನ ನಂಬರ್ ಬರೆದಿದ್ದೆ. ಆ ಒಂದು ಸಾಲು ಸಾಕಾಯಿತು. ರೋಗಿ ಕಂಕುಳಲ್ಲೇ ಇರುವಾಗ ಊರೆಲ್ಲಾ ಹುಡುಕಿ ಅವನನ್ನು ಹಿಡಿದಿರಿ. ರೋಗಿಗೆ ಹೇಳಿದರೆ ಹೆದರಿಕೊಳ್ಳುತ್ತಾಳೆ, ಮೊದಲು ಮನೆಯ ಗಂಡಸಿಗೆ ಹೇಳೋಣ ಎಂಬ ಕನಿಕರ. ಎಂತಹ ಕನಿಕರ, ಸ್ವಾಮಿ! ಎಂಟು ಕೀಮೋಗೆ ಹೆದರದವಳು ಒಂದು ಮಾತಿಗೆ ಹೆದರುತ್ತಾಳೆಯೇ?

ಇಪ್ಪತ್ತನೆಯ ದಿನ ಸಂದೇಶ ಬಂತು: ಮೂರನೇ ಮಹಡಿ, ಗುರುವಾರ, ಹತ್ತು ಗಂಟೆ. ಶಸ್ತ್ರಚಿಕಿತ್ಸೆಯ ತಾರೀಕು ಕೊಡುತ್ತಾರೆಂದು ತಲೆ ಬಾಚಿ, ಒಳ್ಳೆಯ ಕೋಟು ಹಾಕಿಕೊಂಡು ಹೋದೆ. ಅಲ್ಲಿ ಮೆತ್ತನೆಯ ಸೋಫಾ, ಬಿಸಿ ಬಾರ್ಲಿ ಚಹಾ. ಮೆಲುದನಿಯ ಯುವ ವೈದ್ಯರೊಬ್ಬರು ಕೇಳಿದರು: "ಅಮ್ಮಾ, ಯಾವುದಾದ್ರೂ ಊರು ನೋಡ್ಬೇಕು ಅಂತ ಆಸೆ ಇದ್ಯಾ? ಯಾರನ್ನಾದ್ರೂ ಭೇಟಿ ಮಾಡ್ಬೇಕಾ?"

"ಆಸೆ ಆಮೇಲೆ ಡಾಕ್ಟ್ರೇ. ಆಪರೇಷನ್ ಯಾವತ್ತು?"

ಅವರ ಮುಖ ಬಿಳಿಚಿಕೊಂಡಿತು. ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಹೀಗಿತ್ತು: "ಕಡೆಯವರೊಂದಿಗೆ ಚರ್ಚಿಸಲಾಗಿದೆ. ಶಸ್ತ್ರಚಿಕಿತ್ಸೆ ನಿರಾಕರಣೆ. ರೋಗಿಗೆ ತಿಳಿಸಬಾರದೆಂದು ಕೋರಿಕೆ." ಸಾಯುವವರನ್ನು ನೋಡಿಕೊಳ್ಳುವ ಆ ವಿಭಾಗವನ್ನು ನಾನು ಹಳಿಯುತ್ತಿಲ್ಲ. ನೋವಿಲ್ಲದೆ ಕಳುಹಿಸಿಕೊಡುವುದೂ ಪುಣ್ಯದ ಕೆಲಸವೇ, ನನ್ನ ದಿನ ಬಂದಾಗ ನಾನೇ ಆ ಮೆಟ್ಟಿಲು ಹತ್ತುತ್ತೇನೆ. ಆದರೆ ಎರಡು ಮಹಡಿ ಮೇಲೆ ಬದುಕುವ ದಾರಿ ತೆರೆದಿರುವಾಗ ನನ್ನನ್ನು ಕೇಳದೆ ಈ ಬಾಗಿಲಿಗೆ ತಂದು ಬಿಟ್ಟಿರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ನೇರವಾಗಿ ಐದನೇ ಮಹಡಿಗೆ ಹೋಗಿ ಶಸ್ತ್ರವೈದ್ಯರ ಬಾಗಿಲಲ್ಲಿ ನಿಂತೆ. "ನೀವೇ ಬೇಡ ಅಂದ್ರಿ ಅಂದ್ಕೊಂಡಿದ್ದೆ" ಎಂದು ತಲೆ ಹಿಡಿದುಕೊಂಡರು. ಮೊದಲು ಹೊಸ ಸ್ಕ್ಯಾನ್ ಆಗಬೇಕು, ಗಂಟುಗಳು ಹಾಗೆಯೇ ಇದ್ದರೆ ಈಗಲೂ ಕೊಯ್ಯಬಹುದು, ಇನ್ನೆರಡು ವಾರ ಬಿಟ್ಟರೆ ಮಾತು ಕೊಡಲಾರೆ ಎಂದರು. ಸ್ಕ್ಯಾನ್ ಸೋಮವಾರಕ್ಕೆ ನಿಗದಿಯಾಯಿತು. ಶಸ್ತ್ರಚಿಕಿತ್ಸೆಗೆ ಮಾತ್ರ ಕೌಂಟರಿನಲ್ಲಿ ಅದೇ ಹಳೆಯ ಮಾತು: ಕಡೆಯವರ ಸಹಿ ಇಲ್ಲದೆ ತಾರೀಕು ಕೊಡುವಂತಿಲ್ಲ.

ಮನೆಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅಕ್ಕಾ, ಅಪ್ಪನಿಗೆ ಸಹಿ ಹಾಕ್ದೋನು ನಾನಲ್ವಾ?" ಎಂದ.

ಇಪ್ಪತ್ತಾರು ವರ್ಷದ ಹಿಂದೆ ಅಪ್ಪನಿಗೂ ಹೊಟ್ಟೆಯಲ್ಲೇ ಕ್ಯಾನ್ಸರ್. ಬರೀ ಹುಣ್ಣು ಎಂದು ಅಪ್ಪನಿಗೆ ಸುಳ್ಳು ಹೇಳಿದವಳು ನಾನು. ಒಬ್ಬನೇ ಮಗನೆಂದು ಜೊಂಗ್ತೆಯ ಕೈಗೆ ಪೆನ್ನು ಕೊಟ್ಟವಳೂ ನಾನೇ. "ಯಾವಾಗ ಮತ್ತೆ ತೊರಕೆ ಮೀನು ತಿನ್ಬಹುದು?" ಎಂದು ಅಪ್ಪ ಕೇಳಿದಾಗ ಮುಂದಿನ ತಿಂಗಳು ಎಂದೆ. ಕೊಯ್ದ ಹದಿನೇಳನೇ ದಿನ ಅಪ್ಪ ಹೋದರು, ತನಗೇನಾಗಿತ್ತೆಂದು ತಿಳಿಯದೆಯೇ ಹೋದರು.

"ಆವಾಗ್ಲಿಂದ ಪೆನ್ನು ಹಿಡಿದ್ರೆ ಅದೇ ನೆನಪಾಗುತ್ತೆ ಅಕ್ಕಾ. ಸಹಿ ಹಾಕಿ ಒಬ್ಬರನ್ನ ಕಳ್ಕೊಂಡೆ. ನಿನ್ನನ್ನೂ ಕಳ್ಕೊಳ್ಳೋ ಧೈರ್ಯ ನಂಗಿಲ್ಲ" ಎಂದು ಐವತ್ತನಾಲ್ಕು ವರ್ಷದ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

"ಅದಕ್ಕೆ ನನ್ನನ್ನ ಒಂದು ಮಾತು ಕೇಳ್ಬಾರದಿತ್ತೇನೋ, ಪೆದ್ದಾ?"

"ಕೇಳಿದ್ರೆ ನೀನು ಹೂಂ ಅಂತಿದ್ದೆ."

ಹೌದು, ಹೂಂ ಎನ್ನುತ್ತಿದ್ದೆ. ನಿರ್ದೇಶಕರೇ, ನಿಮ್ಮ ಪದ್ಧತಿ ಏನು ಮಾಡುತ್ತದೆಂದು ಅಂದು ನನಗೆ ಅರ್ಥವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತದೆ. ರೋಗ ನನಗೆ, ಬರೆ ಅವನಿಗೆ. ಇಬ್ಬರೂ ಸೇರಿ ಅಪ್ಪನಿಗೆ ಮಾಡಿದ ತಪ್ಪನ್ನು ಅವನು ನನಗೂ ಮಾಡಿದ; ಪ್ರೀತಿಯಿಂದಲೇ ಮಾಡಿದ. ಅವನನ್ನು ನಾನು ಕ್ಷಮಿಸಬಲ್ಲೆ. ನಿಮಗೆ ಯಾವ ಪ್ರೀತಿ ಇತ್ತು? ನಾಳೆ ಏನಾದರೂ ಆದರೆ ಜಗಳಕ್ಕೆ ಬರುವವರು ಮೊದಲೇ ಸಹಿ ಹಾಕಿರಲಿ ಎಂಬ ಮುಂಜಾಗ್ರತೆ ತಾನೇ? ಬುದ್ಧಿ ನೆಟ್ಟಗಿರುವ ರೋಗಿಯ ಸಹಿಯೊಂದೇ ಸಾಕು, ಬೇರೆಯವರದು ಬೇಕೆಂದು ಕಾನೂನಿನಲ್ಲಿಲ್ಲ ಎಂದು ನಗರಸಭೆ ಕಚೇರಿಯ ಗುಮಾಸ್ತರು ನನಗೆ ಓದಿ ಹೇಳಿದರು. ಕಾನೂನಿಗಿಲ್ಲದ ಹೆದರಿಕೆ ನಿಮ್ಮ ಕೌಂಟರಿಗೇಕೆ?

ನಾನು ಆಪರೇಷನ್ ಮೇಜಿನ ಮೇಲೆಯೇ ಸಾಯಬಹುದು, ಗೊತ್ತು. ಗಂಟುಗಳು ಮತ್ತೆ ಬರಬಹುದು, ಅದೂ ಗೊತ್ತು. ನಿಮ್ಮ ಶಸ್ತ್ರವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಹಾಗೇನಾದರೂ ಆದರೆ ಅದು ನನ್ನ ಸಹಿಯಿಂದ ಆಗಲಿ. ಇನ್ನೊಂದು ಸಾವನ್ನು ನನ್ನ ತಮ್ಮನ ಕೈಗೆ ಅಂಟಿಸಬೇಡಿ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಗೆ ಬರುತ್ತೇನೆ. ಅಂದು ಕೊನೆಯ ಕೀಮೋ ಆಗಿ ಆರನೇ ವಾರಕ್ಕೆ ಕಾಲಿಡುತ್ತದೆ. ಗಂಟುಗಳು ಹಾಗೆಯೇ ಇದ್ದರೆ, ಅದೇ ದಿನ ಒಪ್ಪಿಗೆಯ ಕಾಗದವನ್ನು ನನ್ನ ಕೈಗೆ ಕೊಡಿ, ಅದೇ ವಾರದಲ್ಲಿ ತಾರೀಕು ಕೊಡಿ. ನನ್ನ ನಂತರ ರೋಗಿಯ ಕುರ್ಚಿಯಲ್ಲಿ ಕೂರುವವಳಿಗೂ ಅವಳ ಕಾಯಿಲೆಯನ್ನು ಅವಳಿಗೇ ಮೊದಲು ಹೇಳಿ. ಬೆರಳು ಇನ್ನೂ ಜೋಮಾಗಿಯೇ ಇದೆ, ಆದರೆ ಗುರುವಾರದಿಂದ ಹಳೆಯ ಕ್ಯಾಲೆಂಡರಿನ ಹಿಂದೆ ಹೆಸರು ಬರೆದು ಅಭ್ಯಾಸ ಮಾಡಿದ್ದೇನೆ.

ಜೊಂಗ್ತೆಯೂ ಇಂಚನ್‌ನಿಂದ ಬರುತ್ತಿದ್ದಾನೆ. ಅವನ ಮುಂದೆ ಪೆನ್ನು ಚಾಚಬೇಡಿ. ಅವನು ಬರುತ್ತಿರುವುದು ನನ್ನ ಚೀಲ ಹಿಡಿದುಕೊಳ್ಳಲು.

ಇಂತಿ,
ನಿಮ್ಮ ಕಡತದಲ್ಲಿ ಬೇಡವೆಂದ, ಮನಸ್ಸಿನಲ್ಲಿ ಬೇಕೆಂದೇ ಇರುವ,
ಮಾ ಪಿಲ್ಸುನ್
(ರೋಗಿ; ರೋಗಿಯ ಕಡೆಯವಳೂ ನಾನೇ)