ಕಸೂತಿ ಪುಸ್ತಕ ತಡವಾಗಲಿ

ಗ್ರಂಥಾಲಯ
ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಸೋಮಾರಿ ಮಗಳಿಗೆ ಅಮ್ಮನ ಆಶೀರ್ವಾದ.

ಇತಿಹಾಸಕಾರರೆಲ್ಲ ಲೇಖನಿ ಹಿಡಿದು ಸಿದ್ಧರಾಗಲಿ: ನನ್ನ ಕುರ್ಚಿಗೆ ಚಕ್ರ ಬಂದಿದೆ! ಕಿರುಗುಟ್ಟುತ್ತಿದ್ದ ಮರದ ಕುರ್ಚಿಗೆ ನಿವೃತ್ತಿ. ಈಗ ಮೇಜಿನಿಂದ ಕಪಾಟಿಗೆ ಮಹಾರಾಣಿಯಂತೆ ಉರುಳುತ್ತೇನೆ.

ಕುರ್ಚಿಯ ಜೊತೆಗೇ ಹೊಸ ಯಂತ್ರವೂ ಬಂತು. ಇನ್ನು ಎಲ್ಲವನ್ನೂ ಪರದೆಯ ಮೇಲೆ ಓದಬೇಕಂತೆ. ಪುಸ್ತಕ ಕಂಪನಿಯದು, ನಮಗೆ ಓದುವ ಪರವಾನಗಿ ಮಾತ್ರ. ಮನೆ ಅಳಿಯನಿದ್ದಂತೆ ನೋಡು. ಇರುವುದು ನಮ್ಮಲ್ಲೇ, ಕೇಳುವುದು ನಮ್ಮ ಮಾತಲ್ಲ.

ನಮ್ಮ ಹಳೆಯ ಪದ್ಧತಿ ನಿನಗೆ ಗೊತ್ತು. ಪುಸ್ತಕ ವಾಪಸು ಬಂದೊಡನೆ ಓದಿದವರ ಹೆಸರನ್ನು ರಬ್ಬರಿನಿಂದ ಅಳಿಸಿಬಿಡುತ್ತೇನೆ. ಯಂತ್ರದ ಬಳಿ ರಬ್ಬರಿಲ್ಲ.

ನಮ್ಮೂರಿನ ನಲ್ಲಿ ನೀರಿನಲ್ಲಿ ಸೀಸವಿದೆ, ಮಕ್ಕಳಿಗೆ ಕುಡಿಸಬೇಡಿ ಎಂಬ ಪರೀಕ್ಷಾ ವರದಿ ಆ ಪರದೆಯಲ್ಲಿತ್ತು. ಒಂದು ಬೆಳಿಗ್ಗೆ ನೋಡಿದರೆ ಮಾಯ. ನೀರು ಪೂರೈಸುವ ಕಂಪನಿಗೇ ಅದರ ಹಕ್ಕುಸ್ವಾಮ್ಯವಂತೆ. ನೀರು ನಮ್ಮ ಹೊಟ್ಟೆಯಲ್ಲಿ, ಅದರ ವಿವರ ಅವರ ಜೇಬಿನಲ್ಲಿ! ಅದನ್ನು ಪೂರ್ತಿ ಓದಿದ್ದವಳು ಮೂಲೆಯ ಬೇಕರಿ ಅಕ್ಕ ಒಬ್ಬಳೇ. ಮರುದಿನವೇ ಅವಳ ಅಂಗಡಿಗೆ ತಪಾಸಣೆಯವರು ಬಂದರು. ಬಾಗಿಲು ಇನ್ನೂ ತೆರೆದಿಲ್ಲ. "ನಾನ್ ಓದಿದ್ದು ಅವರಿಗೆ ಹೇಗ್ ಗೊತ್ತಾಯ್ತು, ಮೇಡಂ?" ಎಂದು ಕೇಳಿದಳು. ನಾನು ಯಂತ್ರದ ಕಡೆ ನೋಡಿದೆ. ಅದರ ಹಸಿರು ದೀಪ ಕಣ್ಣು ಮಿಟುಕಿಸಿತು.

ಈಗೊಬ್ಬ ಮಹಾಶಯ ದಿನವೂ ಬಂದು ನನ್ನೆದುರು ಕೂರುತ್ತಾನೆ. ಬಲು ವಿನಯ. ಪತ್ರಿಕೆ ಬಿಡಿಸುತ್ತಾನೆ, ಪುಟ ಮಗುಚುವುದಿಲ್ಲ. "ಆ ವರದಿದು ಕಾಗದದ ಪ್ರತಿ ಒಂದಿತ್ತಂತಲ್ಲ ಮೇಡಂ, ಎಲ್ಲಿ?" ಎಂದ. "ಹುಡುಕಿದ್ ಪುಸ್ತಕ ಸಿಕ್ಕಿಬಿಟ್ರೆ ಅದು ಗ್ರಂಥಾಲಯವೇ ಅಲ್ಲ ಕಣಪ್ಪ, ನೋಡ್ಕೋ" ಎಂದೆ. ನೋಡಿಕೊಳ್ಳುತ್ತಿದ್ದಾನೆ. ನಿನ್ನೆಗೆ ಕಥೆಗಳ ಕಪಾಟು ಮುಗಿಯಿತು. ಇವತ್ತು ಹೊಲಿಗೆ-ಕಸೂತಿಯ ಕಪಾಟಿಗೆ ಬಂದು, ಅಲ್ಲಿನ ಒಂದು ಖಾಲಿ ಜಾಗದ ಮುಂದೆ ಬಹಳ ಹೊತ್ತು ನಿಂತ. ಅಲ್ಲಿಂದಲೇ ಕೇಳಿದ: "ಮಗಳು ಬೇರೆ ಊರಲ್ಲಿದಾರೆ, ಅಲ್ವಾ?"

ನಿನ್ನ ವಿಷಯ ನಾನು ಅವನಿಗೆ ಹೇಳಿರಲಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದನ್ನು ಕಂಡು, ತಾನೇ ಅಂಚೆಗೆ ಹಾಕುತ್ತೇನೆಂದು ಕೈ ಚಾಚಿದ. ನಾನೇ ನಡೆದು ಹೋದರೆ ನನ್ನ ಮೊಣಕಾಲಿಗೆ ಒಳ್ಳೆಯದು ಎಂದೆ. ಇದನ್ನು ನಿಮ್ಮೂರಿಗೆ ಬರುವ ಬಸ್ ಕಂಡಕ್ಟರ್ ಕೈಗೇ ಕೊಡುತ್ತೇನೆ.

ಇಂತು ನಿನ್ನ
ಚಕ್ರಾರೂಢೆ ಅಮ್ಮ

ಮರೆತಿದ್ದೆ: ಹೋದ ವಾರ ಕಳಿಸಿದೆನಲ್ಲ, ಆ ಪುಸ್ತಕದ ರಟ್ಟು ಮಾತ್ರ ಕಸೂತಿಯದು. ಒಳಗಿನ ವರದಿಯನ್ನು ನಾನೇ ಹೊಲಿದು ಅಂಟಿಸಿದ್ದು. ಸೂಜಿ ಕಂಡರೆ ಓಡುವ ನೀನು ಅದನ್ನಿನ್ನೂ ತೆರೆದಿರಲಾರೆ. ಇಲ್ಲಿಯ ಜೆರಾಕ್ಸ್ ಯಂತ್ರವೂ ಆ ಪರದೆಯ ಕಂಪನಿಯದೇ. ನಿಮ್ಮೂರಲ್ಲೇ ಪ್ರತಿ ಮಾಡಿಸಿ, ಇದೇ ಕಂಡಕ್ಟರ್ ಕೈಲಿ ಬೇಕರಿ ಅಕ್ಕನಿಗೆ ಕಳಿಸು. ಪುಸ್ತಕ ಕೇಳಿಕೊಂಡು ಯಾರು ಬಂದರೂ, ನನ್ನದೇ ಅಕ್ಷರದ ಚೀಟಿ ತಂದರೂ, ಕೊಡಬೇಡ. ತಡಮಾಡುತ್ತೀಯೆಂದು ಇಷ್ಟು ವರ್ಷ ಬೈದದ್ದನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ದಯವಿಟ್ಟು, ಇದೊಂದು ಪುಸ್ತಕವನ್ನು ತಡವಾಗಿ ವಾಪಸು ಮಾಡು.