ಹಿಡಿಪಟ್ಟಿಯ ಕೆಳಗೆ

ಗುರುವಾರ, ಬೆಳಿಗ್ಗೆ

ಮುದ್ದು ಗುಬ್ಬಿ,

ನಿನ್ನ ಕಾಗದ ನಿನ್ನೆ ಸಂಜೆ ಕೈಸೇರಿತು. ಶಿಬಿರದಲ್ಲಿ ಎಲ್ಲರ ಫೋನನ್ನೂ ತೆಗೆದಿಟ್ಟುಕೊಂಡಿದ್ದಾರೆ, ಅದಕ್ಕೇ ಅಜ್ಜಿಯ ಕಾಲದವರ ಹಾಗೆ ಕಾಗದ ಬರೆಯುತ್ತಿದ್ದೇನೆ ಎಂದು ನಕ್ಕಿದ್ದೀಯ. ನಾನೂ ನಗುತ್ತಲೇ ಓದತೊಡಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನಗು ನಿಂತಿತು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಹಾಯಿಹಲಗೆಯ ಮೇಲೆ ನಿಂತಾಗ ನಿನ್ನೆರಡು ಕೈಗೂ ಇರುವ ಹಿಡಿ ಬೂಮ್ ಒಂದೇ, ಅದನ್ನು ಆರಿಸುವಾಗ ಅಂದಕ್ಕಿಂತ ಮುಂಚೆ ಉದ್ದ ನೋಡು. ನಿನ್ನ ಹಾಯಿಗೆ ಬೇಕಾದ ಅಳತೆ, ಉದ್ದ ಹೆಚ್ಚಿಸುವ ಹಿಂತುದಿಯ ಬಾಲವನ್ನು ಪೂರ್ತಿ ಹೊರಗೆಳೆಯದೆಯೇ ಸಿಗಬೇಕು. ಪೂರ್ತಿ ಎಳೆದ ಬೂಮ್ ವಯಸ್ಸಾದವರ ಸೊಂಟದ ಹಾಗೆ, ಯಾವಾಗ ಕೈಕೊಡುತ್ತದೋ ಹೇಳಲಾಗದು. ಕೊಳವೆ ನಿನ್ನ ಅಂಗೈಯೊಳಗೆ ಕೂರಬೇಕು. ದಪ್ಪವಾದರೆ ಅರ್ಧ ಗಂಟೆಯಲ್ಲಿ ಮುಂಗೈ ಕಲ್ಲಾಗುತ್ತದೆ. ಇನ್ನು, ನೀರಿನ ಮೇಲಿದ್ದಾಗಲೇ ಹಾಯಿಯನ್ನು ಬಿಗಿ ಮಾಡಿ ಸಡಿಲ ಬಿಡುವ ಹಗ್ಗ, ಔಟ್‌ಹಾಲ್ ಬೇಕೇ ಎಂದು ಕೇಳಿದ್ದೀಯ. ಬೇಕು. ಗಾಳಿ ಏರಿದಾಗ ಆ ಹಗ್ಗ ಎಳೆದರೆ ಹಾಯಿಯ ಹೊಟ್ಟೆ ಒಳಗೆ ಹೋಗುತ್ತದೆ, ನಿನ್ನ ತೋಳು ಉಳಿಯುತ್ತದೆ. ಗಾಳಿ ಬಿದ್ದಾಗ ಬಿಟ್ಟರೆ ಹೊಟ್ಟೆ ತುಂಬಿಕೊಂಡು ಹಲಗೆ ಓಡುತ್ತದೆ. ಹೊಸದನ್ನೇ ತೆಗೆದುಕೋ, ಔಟ್‌ಹಾಲ್ ಅದರ ಜೊತೆಯಲ್ಲೇ ಬಂದಿರಲಿ. ಆಮೇಲೆ ಯಾರೋ ಕೊರೆದು ಕೂರಿಸಿದ್ದು ಬೇಡ.

ಶಿಬಿರದಲ್ಲಿ ಮೇಷ್ಟ್ರು ನಿನಗೆ ಕೊಟ್ಟಿರುವ ಬೂಮ್ ಅಂತೂ ಬೇಡವೇ ಬೇಡ. ಭಾನುವಾರದ ಪಂದ್ಯಕ್ಕಷ್ಟೇ ಅಲ್ಲ, ಒಂದು ಸುತ್ತಿಗೂ ಬೇಡ.

ಬಲಕ್ಕೆ ಕೆಂಪು ಹಗ್ಗ, ಎಡಕ್ಕೆ ನೀಲಿ, ಬಾಲದಲ್ಲಿ ಮೊಳೆಯಿಂದ ಗೀಚಿದ ಎರಡು ಎಂಬ ಅಂಕಿ ಇದೆ ಎಂದು ಬರೆದಿದ್ದೀಯಲ್ಲ, ಅದನ್ನು ಗೀಚಿದವಳು ನಾನು. ಒಂದು ಎಂದು ಗೀಚಿದ್ದು ಅಂಚೆಯಣ್ಣನ ಕೈಯಲ್ಲಿತ್ತು.

ಅಂಚೆಯಣ್ಣನನ್ನು ನೀನು ಮರೆತಿರಲಾರೆ. ರಜಾ ದಿನ ಬಂತೆಂದರೆ ಚೀಲ ಬಿಸಾಕಿ ಕೊಲ್ಲಿಗೆ ಓಡುತ್ತಿದ್ದವನು. ನಿನ್ನನ್ನು ಮೊದಲು ಹಲಗೆಯ ಮೇಲೆ ನಿಲ್ಲಿಸಿದವನೂ ಅವನೇ. ಬಿದ್ದಾಗೆಲ್ಲ, “ಗುಬ್ಬೀ, ನೀರು ಕುಡಿಯೋಕೆ ಬಂದ್ಯಾ, ಕಲಿಯೋಕೆ ಬಂದ್ಯಾ?” ಎನ್ನುತ್ತಿದ್ದ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಹಾಯಿ ಕಾರ್ಖಾನೆಯಲ್ಲಿ ಹೊಲಿಗೆ ಮೇಜಿನಿಂದ ನನ್ನನ್ನು ರಿಪೇರಿ ಬೆಂಚಿಗೆ ಹಾಕಿದ ಮೊದಲ ವಾರ. ಹೊಲಿಗೆಯವಳ ಕೈಗೆ ಡ್ರಿಲ್ ಕೊಟ್ಟಿದ್ದಾರೆ, ಇನ್ನು ಹಲಗೆಗೂ ಗುಂಡಿ ಕಾಜ ಹಾಕುತ್ತಾಳೆ ಎಂದು ಆಚೆ ಬೆಂಚಿನ ಇಬ್ಬರೂ ನಗುತ್ತಿದ್ದರು. ಆಗ ಕೊಲ್ಲಿಯ ಹಾಯಿ ಕ್ಲಬ್ಬಿನಿಂದ ಎರಡು ಅಲ್ಯೂಮಿನಿಯಂ ಬೂಮ್ ಬಂದವು, ಔಟ್‌ಹಾಲ್ ಕೂರಿಸಿಕೊಡಿ ಎಂದು. ಹಗ್ಗವನ್ನು ಕಚ್ಚಿ ಹಿಡಿಯುವ ಹಲ್ಲಿನ ತುಂಡನ್ನು ಬೂಮಿನ ಎರಡೂ ತೋಳುಗಳ ಮುಂಭಾಗದಲ್ಲಿ, ಒಳಗೆ ಇನ್ನೊಂದು ಕೊಳವೆ ಇರುವ ಗಟ್ಟಿ ಜಾಗದಲ್ಲಿ ಕೂರಿಸಬೇಕು. ತೂತಿನ ಗುರುತಿಗೆಂದು ಇದ್ದ ತಗಡಿನ ಅಚ್ಚನ್ನು ನಾನು ತಿರುಗಿಸಿ ಇಟ್ಟಿದ್ದೆ. ತೂತುಗಳು ಬಿದ್ದದ್ದು ತೋಳಿನ ನಡುವೆ, ಎರಡು ಕೈಗಳ ಪೂರ್ತಿ ಎಳೆತ ಬೀಳುವ ಕಡೆ. ಎರಡೂ ಬೂಮ್ ಮುಗಿಸಿದ ಮೇಲೆ ಗೊತ್ತಾಯಿತು.

ಆಗ ಆ ಕ್ಲಬ್ಬಿನಲ್ಲಿದ್ದ ನಿನ್ನ ಮೇಷ್ಟ್ರು ಬೆಂಚಿನ ಪಕ್ಕದಲ್ಲೇ ಅವಸರ ಮಾಡುತ್ತ ನಿಂತಿದ್ದರು. ತೋರಿಸಿದೆ. “ಮೆತ್ತಿ ಮೇಲೆ ಹಿಡಿಪಟ್ಟಿ ಸುತ್ತಿಬಿಡು, ಯಾರಿಗೆ ಕಾಣುತ್ತೆ?” ಎಂದರು. ತೂತಿಗೆ ಅಂಟು ತುಂಬಿ, ಉಜ್ಜಿ, ಸರಿಯಾದ ಜಾಗದಲ್ಲಿ ಮತ್ತೆ ಕೊರೆದು, ಮೇಲೆ ಕೈ ಜಾರದ ಕಪ್ಪು ಪಟ್ಟಿ ಸುತ್ತಿದೆ. ಅಷ್ಟು ಚೆಂದದ ಕೆಲಸ ಆಚೆ ಬೆಂಚಿನವರೂ ಮಾಡಿರಲಿಲ್ಲ. ಬಂದು ಬೆನ್ನು ತಟ್ಟಿದರು.

ಒಂದನೆಯದನ್ನು ಅಂಚೆಯಣ್ಣ ತೆಗೆದುಕೊಂಡ. ಐದು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ ಬಿಸಿಲಿರುವಾಗಲೇ ಗಾಳಿ ಎದ್ದಿತು. ಕೊಲ್ಲಿಯ ಬಾಯಿಯ ಹತ್ತಿರ ಅವನ ಹಾಯಿ ಮಂಡಿಯೂರಿದ ಹಾಗೆ ಮಡಚಿಕೊಂಡದ್ದನ್ನು ದೋಣಿಯವನು ಕಂಡನಂತೆ. ಅವನು ಹೋಗಿ ಮುಟ್ಟುವಷ್ಟರಲ್ಲಿ ಹಲಗೆ ಇತ್ತು, ಹಾಯಿ ಇತ್ತು, ಅಂಚೆಯಣ್ಣ ಇರಲಿಲ್ಲ. ಮೂರನೇ ದಿನ ಸಿಕ್ಕ.

ಮುರಿದ ಬೂಮನ್ನು ನನ್ನ ಬೆಂಚಿಗೇ ತಂದಿಟ್ಟು ವಿಚಾರಣೆಯವರು ಏನಾಗಿದೆ ಎಂದು ಕೇಳಿದರು. ಉಪ್ಪು ತಿಂದಿದೆ ಎಂದೆ. ಹಾಗೇ ಬರೆದುಕೊಂಡರು. ಅಂಚೆಯಣ್ಣನ ಹೆಂಡತಿ ಈಗಲೂ ಒಮ್ಮೊಮ್ಮೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. “ಇವರೇ ಹಾಯಿ ಸರಿಯಾಗಿ ಕಟ್ಟಿಕೊಂಡಿರಲಿಲ್ವೇನಮ್ಮಾ?” ಎಂದು ಕೇಳುತ್ತಾರೆ. ನಾನು ಟೀ ತರಲು ಎದ್ದು ಹೋಗುತ್ತೇನೆ.

ಎರಡನೆಯದನ್ನು ಹುಡುಕಿಕೊಂಡು ಕ್ಲಬ್ಬಿಗೆ ಹೋಗಿದ್ದೆ. ಎಲ್ಲೋ ಕಳಿಸಿದ್ದಾರೆ, ಗೊತ್ತಿಲ್ಲ ಎಂದರು. ಮತ್ತೆ ಕೇಳಲಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡೆ. ಅದು ನನ್ನ ತಂಗಿಯ ಕೈಗೇ ಬರಬೇಕಿತ್ತೇ? ಹೋದ ಭಾನುವಾರದಿಂದ ಅದರಲ್ಲೇ ಅಭ್ಯಾಸ, ಹಿಂದಿನ ಕೈಗೆ ಎಳೆತ ಬಿದ್ದಾಗ ಕಟಕಟ ಸದ್ದು, ಹೊಸ ಚಪ್ಪಲಿ ಕಿರುಗುಟ್ಟುವ ಹಾಗೆ ಎಂದು ಬರೆದಿದ್ದೀಯ. ಗುಬ್ಬೀ, ಅದು ಹೊಸದಲ್ಲ. ನಾಳೆಯಿಂದ ಗಾಳಿ ಜೋರು ಎನ್ನುತ್ತಿದ್ದಾರೆ.

ಈ ಕಾಗದವನ್ನು ಮಧ್ಯಾಹ್ನದ ಬಸ್ಸಿನ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೇಷ್ಟ್ರು ಎದುರಿಗೆ ಬಂದರೆ ಜಗಳ ಬೇಡ. ತೋಳುನೋವು ಎಂದು ಹೇಳಿ ದಡದಲ್ಲೇ ಕೂತಿರು.

ಇಂತಿ,
ನಿನ್ನ ಅಕ್ಕ

ತಾ.ಕ.: ಡ್ರೈವರಣ್ಣ ಹೊರಡಲು ಇನ್ನೂ ಹೊತ್ತಿದೆ. ಮೇಷ್ಟ್ರ ಬಗ್ಗೆ ಮೇಲೆ ಬರೆದದ್ದು ಸುಳ್ಳು. ಅವರು ಆ ದಿನ ಬೆಂಚಿನ ಹತ್ತಿರ ಇರಲೇ ಇಲ್ಲ. ಯಾರಿಗೆ ಕಾಣುತ್ತೆ ಎಂದವಳು ನಾನೇ, ನನಗೆ ನಾನೇ. ಆಚೆ ಬೆಂಚಿನವರ ನಗುವಿಗೆ ಹೆದರಿದ್ದೆ. ಹರಿದು ಬೇರೆ ಬರೆಯೋಣವೆಂದುಕೊಂಡೆ. ನಿನ್ನ ಅಕ್ಕ ಎಷ್ಟು ಸಲೀಸಾಗಿ ಸುಳ್ಳು ಬರೆಯಬಲ್ಲಳು ಎಂದು ನೀನೂ ನೋಡು ಎಂದು ಹಾಗೇ ಬಿಟ್ಟಿದ್ದೇನೆ. ಮೇಷ್ಟ್ರಿಗೆ ನಿನ್ನೆ ಸಂಜೆಯೇ ಫೋನ್ ಮಾಡಬಹುದಿತ್ತು. ಎರಡು ನಿಮಿಷದ ಮಾತು. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ ಎಂದು ಮಾಡದೆ, ಕಾಗದ ಬರೆಯುತ್ತ ಕೂತೆ.

ಈಗಷ್ಟೇ ಫೋನ್ ಮಾಡಿದೆ. ನೀನು ಆ ಬೂಮ್ ಹಿಡಿದು ನೀರಿಗೆ ಇಳಿಯುತ್ತಿದ್ದೆಯಂತೆ; ಮೊಣಕಾಲುದ್ದ ನೀರಿನಿಂದ ಕೂಗಿ ಕರೆದರು. ಅವರು ಪಟ್ಟಿಯನ್ನು ಪರಪರ ಕೀಳುವುದು ನನಗೆ ಇಲ್ಲಿಗೇ ಕೇಳಿಸಿತು. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಹೋಗಿದೆ ಎಂದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು: “ಅಂಚೆಯಣ್ಣನ ಮನೆಯವರಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?”

ನಾನೇ ಹೇಳುತ್ತೇನೆ ಎಂದೆ. ಕೆಲಸಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಅಂಚೆಯಣ್ಣನ ಹೆಂಡತಿ ಬಾಗಿಲು ತೆಗೆದ ಮೇಲೆ ಮೊದಲ ಮಾತು ಏನೆಂದು ಮಾತ್ರ ಇನ್ನೂ ಹೊಳೆದಿಲ್ಲ.